ಉಪವಾಸದ ದಿನ ಉಂಡವರು

“ಟೀಚರ್, ಈಗ ನೀವೇ ಏನಾದ್ರೂ ಟೈಪ್ ಮಾಡಿ. ನಾನು ಕೀಬೋರ್ಡ್ ಮುಟ್ಟಲ್ಲ, ನೋಡಿ,” ಎಂದು ಸಿಂಚನ ಎರಡೂ ಕೈಗಳನ್ನು ಮೇಲೆತ್ತಿದಳು.

ಚಂದ್ರಮತಿ ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತಿದಳು. ಇಂಗ್ಲಿಷ್ ಲಿಪಿಯ ವೇಷ ತೊಟ್ಟ ಕನ್ನಡ: ನಮಸ್ಕಾರ.

ಉಸಿರೆಳೆದು ಬಿಡುವಷ್ಟರಲ್ಲಿ ತೆರೆಯ ಮೇಲೆ ಉತ್ತರ ಮೂಡಿತು. ‘ನಮಸ್ಕಾರ, ಹೇಗಿದ್ದೀರಿ?’

ಬೋಗಾದಿಯಲ್ಲಿ ಸಿಂಚನಳ ಮಹಡಿಯ ಬಾಡಿಗೆ ಕೋಣೆಯಲ್ಲಿ ಇದ್ದವರು ಮೂವರೇ. ಮೂವರ ಬಾಯಿಯೂ ಮುಚ್ಚಿತ್ತು, ಆರು ಕೈಗಳೂ ಕಾಣುವಂತಿದ್ದವು. ಹೊರಗೆ ಹೊಸ ಬಡಾವಣೆಯ ಕಾಂಕ್ರೀಟ್ ಯಂತ್ರವೊಂದು ಗರಗರನೆ ತಿರುಗುತ್ತಿತ್ತು.

“ಯಾರವ್ವ ಮಾತಾಡ್ದೋರು?” ಎಂದು ಕೇಳಿದ ಚಿಕ್ಕಣ್ಣ. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು, ಠಾಣೆಯ ಹಳೆಯ ಪರಿಚಯದಿಂದ ಚಂದ್ರಮತಿಗೆ ನೆರವಾಗುತ್ತಿದ್ದವನು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೊಡೆ ಊರಿಕೊಂಡು ಕುಳಿತಿದ್ದ.

“ಯಾರೂ ಅಲ್ಲ ಸಾರ್. ಬಾಟ್ ಅಂತಾರೆ. ಮನುಷ್ಯರ ಥರ ಚಾಟ್ ಮಾಡೋ ಪ್ರೋಗ್ರಾಮು.”

ಚಂದ್ರಮತಿಯ ತಂದೆ ಶಿವಮಲ್ಲಪ್ಪನವರು ಶಿವರಾತ್ರಿಯ ಮಧ್ಯಾಹ್ನ ಕೃಷ್ಣಮೂರ್ತಿಪುರಂನ ಮನೆಯಲ್ಲಿ ಅಟ್ಟದ ಏಣಿಯ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದು ಇಂದಿಗೆ ಹತ್ತೊಂಬತ್ತು ದಿನ. ಕೆಂಪು ವಸ್ತ್ರದಲ್ಲಿ ಸುತ್ತಿ ಅಟ್ಟದಲ್ಲಿಟ್ಟಿದ್ದ ಅವರ ತಾಳೆಗರಿ ಹಸ್ತಪ್ರತಿಗಳ ಕಟ್ಟು ಅಂದಿನಿಂದ ಕಾಣೆ.

ಜಾರಿ ಬಿದ್ದರು ಎಂದು ಠಾಣೆಯವರು ಬರೆದುಕೊಂಡಿದ್ದರು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಎರಡು ವಾರ ತುಂಬದ ಎಪ್ಪತ್ತೆಂಟರ ವೃದ್ಧರು ಏಣಿ ಹತ್ತಿದರೆಂದರೆ ನಂಬಲು ಚಂದ್ರಮತಿ ಸಿದ್ಧಳಿರಲಿಲ್ಲ. ಆಕೆಯ ಸಂದೇಹವೆಲ್ಲ ಒಬ್ಬನ ಮೇಲೆ ನೆಲೆಗೊಂಡಿತ್ತು: ನಂಜುಂಡಾರಾಧ್ಯ. ತಂದೆಯ ಬಳಿ ಹದಿಮೂರು ವರ್ಷ ಹಳಗನ್ನಡ ಪಾಠ ಹೇಳಿಸಿಕೊಂಡವನು. ಈಗ ಸರಸ್ವತಿಪುರಂನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವವನು. ತಾಳೆಗರಿಗಳನ್ನು ಸ್ಕ್ಯಾನ್ ಮಾಡಿ ಸಿ.ಡಿ. ಮಾಡುತ್ತೇನೆ, ಕೊಡಿ ಎಂದು ಕೇಳಿ, ಇಲ್ಲ ಎನಿಸಿಕೊಂಡು, ಹೊಸ್ತಿಲಲ್ಲಿ ನಿಂತು ಗುರುವಿಗೆ ಎದುರು ಮಾತಾಡಿ ಹೋದವನು.

ಆದರೆ ಆರಾಧ್ಯನಿಗೆ ಭದ್ರವಾದ ಕವಚವಿತ್ತು. ಅಂದು ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಅವನು ತನ್ನ ಕೇಂದ್ರದ ಕಂಪ್ಯೂಟರಿನ ಮುಂದೆ ಕುಳಿತು ಚಾಟ್ ಮಾಡುತ್ತಿದ್ದನಂತೆ. ಸಾಲುಸಾಲಿಗೂ ಗಂಟೆ ನಿಮಿಷ ನಮೂದಾದ ಮುದ್ರಿತ ಪ್ರತಿ ಠಾಣೆಯಲ್ಲಿತ್ತು. ಅತ್ತ ಕಡೆಯಿಂದ ಮಾತಾಡಿದವಳು ಬೇರಾರೂ ಅಲ್ಲ, ಅವನ ಕೇಂದ್ರದಲ್ಲೇ ಪಾಠ ಹೇಳುತ್ತಿದ್ದ ಧನುಶ್ರೀ. ಚಂದ್ರಮತಿಯ ಒಬ್ಬಳೇ ಮಗಳು. ಗೆಳತಿಯ ಮನೆಯ ಕಂಪ್ಯೂಟರಿನಲ್ಲಿ ಕುಳಿತು ಹೊಸ ಬ್ಯಾಚಿನ ಪಾಠದ ವಿಷಯ ಮಾತಾಡಿದೆ ಎಂದು ಅವಳು ಸಹಿ ಹಾಕಿ ಹೇಳಿಕೆ ಕೊಟ್ಟಿದ್ದಳು.

ತಾತನನ್ನು ಕೊಂದವನಿಗೆ ಮೊಮ್ಮಗಳೇ ಸಾಕ್ಷಿ! ತಂದೆಯ ಸಮಾಧಿಗೆ ಹಿಡಿ ಮಣ್ಣು ಹಾಕುವಾಗ ಚಂದ್ರಮತಿ ಕಣ್ಣೀರು ಹಾಕಿರಲಿಲ್ಲ. ಇದನ್ನು ಮಾಡಿದ ಕೈಗೆ ಬೇಡಿ ಬೀಳುವ ತನಕ ಅಳುವುದಿಲ್ಲ ಎಂದಿದ್ದಳು. ಶುಕ್ರವಾರ ಠಾಣೆಯವರು ಕಡತ ಮುಚ್ಚುವವರಿದ್ದರು. ಇಂದು ಬುಧವಾರ.

“ಇದನ್ನು ಕಟ್ಟಲು ಎಷ್ಟು ವಿದ್ಯೆ ಬೇಕಮ್ಮ?” ಎಂದು ಕೇಳಿದಳು. ಸಿಂಚನ ಅವಳು ಕಲಿಸುತ್ತಿದ್ದ ಹೈಸ್ಕೂಲಿನ ಸಂಸ್ಕೃತ ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ಧನುಶ್ರೀಯ ಪಕ್ಕ ಕೂರುತ್ತಿದ್ದವಳು. ಈಗ ಎಂಜಿನಿಯರಿಂಗ್ ಮುಗಿಸಿದ್ದಳು.

“ಅಯ್ಯೋ, ಏನೂ ಬೇಡ ಟೀಚರ್. ಕಷ್ಟದ ಕೆಲಸ ಎಲ್ಲ ಬೇರೆಯೋರು ಆಗ್ಲೇ ಮಾಡಿಟ್ಟಿದ್ದಾರೆ. ಫ್ರೇಮ್‌ವರ್ಕ್ ಅಂತಾರೆ, ಚೌಕಟ್ಟು ಅನ್ಕೊಳ್ಳಿ. ಇದು ತುಂಬ ಹಗುರದ್ದು, ಒಂದೇ ಫೈಲು. ನಾವು ಹೇಳ್ಬೇಕಾದ್ದು ಮೂರೇ. ನಿನ್ನ ಹೆಸರು ಇದು. ಇಂಥ ಚಾಟ್ ರೂಮಿಗೆ ಹೋಗಿ ಕೂತ್ಕೋ. ಈ ಮಾತು ಕಿವಿಗೆ ಬಿದ್ರೆ ಈ ಮಾತು ಆಡು. ಅಷ್ಟೇ.”

“ಗೊತ್ತಿಲ್ಲದ ಮಾತು ಬಿದ್ದರೆ?”

“ಅದಕ್ಕೂ ಒಂದು ಮಾತು ಕೊಟ್ಟಿರ್ತೀವಿ. ಎಲ್ಲಾದಕ್ಕೂ ಅದನ್ನೇ ಹೇಳುತ್ತೆ.”

ಚಿಕ್ಕಣ್ಣ ತಲೆಯಾಡಿಸಿದ. “ನಮ್ ಸ್ಟೇಷನ್ ರೈಟ್ರು ಅಂಗೇ ಇದ್ರು ಕಣವ್ವ. ಯಾರ್ ಬಂದು ಏನ್ ಕೇಳುದ್ರೂ, ‘ಸಾಯೇಬ್ರು ರೌಂಡ್ಸಿಗೆ ಹೋಗವ್ರೆ, ನಾಳೆ ಬನ್ನಿ.’ ಇಪ್ಪತ್ತು ವರ್ಷ ಅದೊಂದೇ ಮಾತಲ್ಲೇ ಪೆನ್ಷನ್ ಗಂಟ ಬಂದ್ಬುಟ್ರು.”

ಸಿಂಚನ ನಕ್ಕಳು. ಚಂದ್ರಮತಿ ನಗಲಿಲ್ಲ. ಅವಳು ಚೀಲದಿಂದ ಒಂದು ಹಾಳೆಯನ್ನು ತೆಗೆದು ಮಡಿಕೆ ಬಿಡಿಸಿದಳು.

ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವ ತಂದೆಯ ಪದ್ಧತಿ ಅವಳಿಗೂ ಕೈಗೂಡಿತ್ತು: ಪರೀಕ್ಷಿಸಬೇಕಾದ ಕೈಬರಹವನ್ನು ಮಿಕ್ಕೆಲ್ಲದರಿಂದ ಬಿಡಿಸಿ ಪ್ರತ್ಯೇಕ ಪತ್ರಕ್ಕೆ ಇಳಿಸಿಕೊಳ್ಳಬೇಕು, ಆಗಲೇ ಅದರ ಗುಣದೋಷಗಳು ನಿಚ್ಚಳವಾಗುತ್ತವೆ. ಹಾಗೆಯೇ ಅವಳು ಮುದ್ರಿತ ಪ್ರತಿಯಿಂದ ಆರಾಧ್ಯನ ಮಾತುಗಳನ್ನಷ್ಟೇ ದುಂಡಗೆ ಬರೆದುಕೊಂಡಿದ್ದಳು.

“ಈ ಮಾತುಗಳನ್ನು ಅದಕ್ಕೆ ಕಲಿಸು.”

“ಹೆಸರು ಏನಿಡ್ಲಿ ಟೀಚರ್?”

“ಆರಾಧ್ಯ.”

ಸಿಂಚನ ಒಮ್ಮೆ ಅವಳ ಮುಖ ನೋಡಿ, ಹಾಗೆಯೇ ಬರೆದಳು. ಅರ್ಧ ಗಂಟೆಯ ಕೆಲಸ. ಪಾಠ ಎಂಬ ಪದ ಬಂದರೆ ‘ಸೋಮವಾರ ಶುರು ಮಾಡೋಣ.’ ಪ್ರಶ್ನೆಯ ಚಿಹ್ನೆ ಬಂದರೆ ‘ಯೋಚನೆ ಮಾಡಿ ಹೇಳ್ತೀನಿ.’ ನಡುನಡುವೆ ‘ಒಂದು ನಿಮಿಷ, ಫೋನ್ ಬಂತು.’ ಮಿಕ್ಕ ಎಲ್ಲದಕ್ಕೂ ‘ಸರಿ, ಆಮೇಲೆ?’

“ಏನಾರ ಕೇಳ್ಲಾ?” ಎಂದ ಚಿಕ್ಕಣ್ಣ. “ನಮ್ಮಜ್ಜಿ ಸತ್ತೋದ್ಲು ಅಂತ ಬರಿಯವ್ವ.”

ಸಿಂಚನ ಬರೆದಳು. ತೆರೆ ಉತ್ತರಿಸಿತು: ‘ಸರಿ, ಆಮೇಲೆ?’

ಚಿಕ್ಕಣ್ಣ ನಗಲು ಬಾಯ್ತೆರೆದವನು ಹಾಗೆಯೇ ಮುಚ್ಚಿಕೊಂಡ. “ಇಂಥದ್ನ ಮಡಗ್ಬುಟ್ಟು ಎಲ್ಲಿಗ್ ಬೇಕಾದ್ರೂ ಹೋಗ್ಬೈದು ಅನ್ನಿ. ಆದ್ರೆ ಅಮ್ಮಾವ್ರೇ, ಮಾಡ್ಬೈದಾಗಿತ್ತು ಅನ್ನೋದ್ನ ಸಾಯೇಬ್ರು ಒಪ್ಪಕಿಲ್ಲ. ಮಾಡ್ದ ಅನ್ನಕ್ಕೆ ಒಂದು ಗುರ್ತು ಬೇಕು.”

“ಇನ್ನೂ ಒಂದು ಇದೆ ಟೀಚರ್ ನಿಮ್ಮ ಹಾಳೆಲಿ,” ಎಂದಳು ಸಿಂಚನ. “ಇದು ಗಡಿಯಾರಕ್ಕೆ ಕಟ್ಟೋದು. ಯಾರೂ ಏನೂ ಕೇಳ್ದಿದ್ರೂ ಆ ಹೊತ್ತಿಗೆ ತಾನಾಗೇ ಮಾತಾಡುತ್ತೆ. ಆಗ ಮನುಷ್ಯರು ಅಂತ್ಲೇ ನಂಬ್ಬಿಡ್ತಾರೆ. ಒಂದು ಗಂಟೆ ಹತ್ತು ನಿಮಿಷ ಅಲ್ವಾ? ಈಗ ಪರೀಕ್ಷೆಗೆ ಒಂದು ನಿಮಿಷ ಬಿಟ್ಟು ಕೇಳೋ ಹಾಗೆ ಇಡ್ತೀನಿ.”

ಅವರು ಕಾದರು. ತೆರೆಯ ಮೇಲೆ, ಯಾರೂ ಮುಟ್ಟದೆ, ಅಕ್ಷರಗಳು ಮೂಡಿದವು.

‘ಊಟ ಆಯ್ತಾ?’

ಇಡೀ ಮೈಸೂರು ದಿನಕ್ಕೆ ಸಾವಿರ ಬಾರಿ ಆಡುವ ಮಾತು. ಆ ಹಾಳೆಯಲ್ಲಿ ಚಂದ್ರಮತಿ ಅದನ್ನು ನೂರು ಸಲ ಓದಿದ್ದಳು. ತಾನೇ ಬರೆದುಕೊಂಡಿದ್ದಳು. ಈಗ ಯಂತ್ರದ ಬಾಯಿಂದ ಕೇಳಿದಾಗ ಅವಳು ಎದ್ದು ನಿಂತಳು.

“ಚಿಕ್ಕಣ್ಣನವರೇ,” ಎಂದಳು. “ಅದು ಶಿವರಾತ್ರಿ.”

“ಊಂ, ಹೌದು. ಅದ್ಕೇನು?”

“ಆರಾಧ್ಯ ಮಠದ ಪ್ರಸಾದನಿಲಯದಲ್ಲಿ ಬೆಳೆದವನು. ಶಿವರಾತ್ರಿಯಂದು ಹನಿ ನೀರು ಮುಟ್ಟದವನು. ಹಸಿದು ಕೂತವನು, ಹಸಿದು ಕೂತ ಮನೆಯ ಹುಡುಗಿಗೆ, ಮಟಮಟ ಮಧ್ಯಾಹ್ನ ಊಟ ಆಯಿತೇ ಎಂದು ಕೇಳುತ್ತಾನೆಯೇ?”

ಚಿಕ್ಕಣ್ಣನ ಕೈಯಿಂದ ಕೊಡೆ ಜಾರಿ ನೆಲಕ್ಕೆ ಬಿತ್ತು.

ಶಾಸ್ತ್ರವೆಲ್ಲ ನಿಂತಿರುವುದು ಎರಡು ಕಂಬಗಳ ಮೇಲೆ: ಎಲ್ಲ ಕಾಲಕ್ಕೂ ಸಲ್ಲುವ ಸಾಮಾನ್ಯ ವಿಧಿ, ಅದನ್ನು ಒಂದೆಡೆ ತಡೆದು ನಿಲ್ಲಿಸುವ ಅಪವಾದ. ಆರಾಧ್ಯ ತನ್ನ ಯಂತ್ರಕ್ಕೆ ವಿಧಿಯನ್ನು ಹೇಳಿಕೊಟ್ಟಿದ್ದ, ಅಪವಾದವನ್ನು ಮರೆತಿದ್ದ. ವರ್ಷಕ್ಕೊಮ್ಮೆ ಬರುವ ಒಂದು ದಿನ. ಅದೇ ದಿನವನ್ನು ಅವನು ಆರಿಸಿಕೊಂಡಿದ್ದ.

ಹತ್ತೊಂಬತ್ತು ದಿನಗಳಲ್ಲಿ ಮೊದಲ ಬಾರಿ ಚಂದ್ರಮತಿ ಮುಗುಳ್ನಕ್ಕಳು. ನೋಡಿದ ಸಿಂಚನಳಿಗೆ ಅದು ಇಷ್ಟವಾಗಲಿಲ್ಲ.

*

ಸರಸ್ವತಿಪುರಂನಲ್ಲಿ ಆರಾಧ್ಯನ ಕೇಂದ್ರವಿದ್ದ ಮಹಡಿಯಲ್ಲಿ ನಾಲ್ಕು ಗಂಟೆಯ ತರಗತಿ ಆಗಷ್ಟೇ ಬಿಟ್ಟಿತ್ತು. ಕೆಳಗಿನ ಟ್ಯುಟೋರಿಯಲ್ಲಿನ ವಿದ್ಯಾರ್ಥಿಗಳ ಗಲಾಟೆ ಮೆಟ್ಟಿಲುಗಳವರೆಗೂ ಕೇಳುತ್ತಿತ್ತು. ಆರಾಧ್ಯ ಹಣೆಯ ವಿಭೂತಿ ಮಾಸದಂತೆ ಎಚ್ಚರದಿಂದ ಬೆವರು ಒರೆಸಿಕೊಳ್ಳುತ್ತಿದ್ದ.

“ಬನ್ನಿ ಅಕ್ಕ, ಕೂತ್ಕೊಳ್ಳಿ. ಧನು ಇವತ್ತು ರಜ ಹಾಕಿದಾಳಲ್ಲ?”

“ಗೊತ್ತು. ನಾನು ಅವಳನ್ನು ಹುಡುಕಿಕೊಂಡು ಬಂದಿಲ್ಲ.” ಚಂದ್ರಮತಿ ಕೂರಲಿಲ್ಲ. ಚಿಕ್ಕಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. “ಒಂದು ಮಾತು ಕೇಳಬೇಕಿತ್ತು. ಶಿವರಾತ್ರಿಯ ದಿನ ಮಧ್ಯಾಹ್ನ ಊಟಕ್ಕೆ ಏನು ಮಾಡಿಕೊಂಡಿದ್ದೆ?”

ಆರಾಧ್ಯನ ಮುಖದಲ್ಲಿ ನಿಜವಾದ ನೋವು ಕಾಣಿಸಿತು. “ಏನಕ್ಕ ಹೀಗ್ ಕೇಳ್ತೀರಾ? ನನ್ನ ನಿಯಮ ನಿಮಗ್ ಗೊತ್ತಿಲ್ವಾ? ಮೇಷ್ಟ್ರೇ ಹಾಕ್ಕೊಟ್ಟಿದ್ದು. ಹದಿಮೂರು ವರ್ಷದಿಂದ ಒಂದ್ಸಲಾನೂ ತಪ್ಪಿಲ್ಲ. ಹನಿ ನೀರು ಕುಡ್ದಿಲ್ಲ ಅವತ್ತು.”

“ಬರೆದುಕೊಂಡಿರಾ ಚಿಕ್ಕಣ್ಣನವರೇ?”

“ಬರ್ಕಂಡೆ ಅಮ್ಮಾವ್ರೇ. ಅನಿ ನೀರೂ ಇಲ್ಲ.”

“ಹಾಗಾದರೆ ಒಂದು ಗಂಟೆ ಹತ್ತು ನಿಮಿಷಕ್ಕೆ ಈ ಕಂಪ್ಯೂಟರಿನಿಂದ ನನ್ನ ಮಗಳಿಗೆ ‘ಊಟ ಆಯ್ತಾ’ ಎಂದು ಕೇಳಿದವರು ಯಾರು?”

ಆರಾಧ್ಯ ನಗಲು ನೋಡಿದ. “ಅಭ್ಯಾಸಬಲ ಅಕ್ಕ. ಬಾಯಿಗೆ ಬಂದಿರುತ್ತೆ.”

“ಬೆಳಗಿನಿಂದ ಒಣಗಿದ ಬಾಯಿಗೆ?”

ಅವನು ಕರವಸ್ತ್ರವನ್ನು ಕೈಯಲ್ಲಿ ಮುದುರಿಕೊಂಡ.

“ಕೇಳಪ್ಪ ಇಲ್ಲಿ,” ಎಂದ ಚಿಕ್ಕಣ್ಣ, ನೆಂಟನೊಬ್ಬನಿಗೆ ಬುದ್ಧಿ ಹೇಳುವ ಧಾಟಿಯಲ್ಲಿ. “ನೀನು ಮಡಗಿದ್ಯಲ್ಲ, ಆ ಮಾತಾಡೋ ಗೊಂಬೆ, ಅಂಥದ್ನ ಇವತ್ತು ನಾವೂ ಮಾಡುದ್ವಿ. ಅರ್ಧ ಗಂಟೆ ಆಯ್ತು. ಈಗ ಸಾಯೇಬ್ರು ಬಂದು ನಿನ್ ಮಿಷನ್ನೇ ಎತ್ಕಂಡೋದ್ರೆ, ಅಳಿಸಾಕಿದ್ರೂ ಒಳ್ಗಡೆ ಸಿಕ್ಕತ್ತಂತೆ. ಹೌದೋ ಅಲ್ವೋ? ನಂಗಿಂತ ನಿಂಗೇ ಚೆನ್ನಾಗ್ ಗೊತ್ತಲ್ಲ.”

ಆರಾಧ್ಯ ಮೆಲ್ಲಗೆ ಕುರ್ಚಿಯ ಮೇಲೆ ಕುಸಿದ. ಕರವಸ್ತ್ರ ಹಣೆಗೆ ತಗುಲಿ ವಿಭೂತಿಯ ಗೆರೆ ಅಳಿಸಿಹೋಯಿತು.

“ಕೊಲ್ಲೋಕೆ ಹೋಗ್ಲಿಲ್ಲ ಅಕ್ಕ. ಶಿವನಾಣೆ.”

“ಶಿವನನ್ನು ನಡುವೆ ತರಬೇಡ. ಏಕೆ ಹೋದೆ?”

“ಕಟ್ಟಿಗೆ. ಎರಡು ದಿನ ಇಟ್ಕೊಂಡು ಸ್ಕ್ಯಾನ್ ಮಾಡಿ ವಾಪಸ್ ಇಟ್ಬಿಡೋಣ ಅಂತ. ಹುಳ ತಿಂದು ಹಾಳಾಗೋದ್ನ ನೋಡ್ತಾ ಕೂರೋಕೆ ಆಗ್ಲಿಲ್ಲ. ಮೇಷ್ಟ್ರು ಆ ಹೊತ್ತಲ್ಲಿ ಪೂಜಾಕೋಣೆಲಿ ಕಣ್ಮುಚ್ಚಿ ಕೂತಿರ್ತಾರೆ, ನೀವು ಮಠದಲ್ಲಿರ್ತೀರಿ. ಅಷ್ಟು ಲೆಕ್ಕ ಹಾಕ್ಕೊಂಡು ಹೋದೆ. ಹೋಗೋ ಹೊತ್ತಿಗೆ ಒಂದೂಮುಕ್ಕಾಲು. ಬಾಗಿಲು ತೆರೆದಿತ್ತು. ಮೇಷ್ಟ್ರು ಆಗ್ಲೇ ಬಿದ್ದಿದ್ರು.”

“ಕಟ್ಟು?”

“ಅಟ್ಟದಲ್ಲಿ ಇರ್ಲಿಲ್ಲ.”

ಚಂದ್ರಮತಿ ಒಂದು ಹೆಜ್ಜೆ ಮುಂದೆ ಬಂದಳು. ದನಿ ಏರಲಿಲ್ಲ, ಇನ್ನೂ ತಗ್ಗಿತು.

“ಅಟ್ಟದಲ್ಲಿ ಇರಲಿಲ್ಲ ಎಂದು ನಿನಗೆ ಹೇಗೆ ಗೊತ್ತು?”

ಆರಾಧ್ಯ ತಲೆ ತಗ್ಗಿಸಿದ.

“ಏಣಿ ಹತ್ತಿ ನೋಡಿದೆ. ಬುಡದಲ್ಲಿ ನಿನ್ನ ಗುರು ರಕ್ತದಲ್ಲಿ ಬಿದ್ದಿದ್ದರು. ಅವರನ್ನು ದಾಟಿಕೊಂಡು ಹತ್ತಿದೆ. ಅಲ್ಲವೇ?”

“ಅಕ್ಕ...”

“ಉಸಿರಿತ್ತೇ?”

ಕೆಳಗಿನ ಗಲಾಟೆ ಇದ್ದಕ್ಕಿದ್ದಂತೆ ನಿಂತಿತು. ಯಾರೋ ಗಂಟೆ ಬಾರಿಸಿದರು, ಕುರ್ಚಿಗಳು ಸರಿದವು.

“ಇತ್ತು,” ಎಂದ ಆರಾಧ್ಯ. “ಕೈ ಅಲ್ಲಾಡ್ತಿತ್ತು. ಇಳಿಯೋವಾಗ... ಇಳಿಯೋವಾಗ ನನ್ನ ಪಂಚೆ ಅಂಚು ಹಿಡ್ಕೊಂಡ್ರು. ಬಿಡಿಸ್ಕೊಂಡು ಓಡ್ಬಿಟ್ಟೆ.”

ಚಂದ್ರಮತಿಯ ಕೈ ಮೇಜಿನ ಮೇಲಿದ್ದ ಕಬ್ಬಿಣದ ಪಂಚಿಂಗ್ ಯಂತ್ರದ ಮೇಲೆ ಬಿತ್ತು. ಬೆರಳುಗಳು ಬಿಗಿದವು. ಅದರ ತೂಕವನ್ನು ಅವಳು ನೋಡಿಕೊಂಡಳು. ಹೊಡೆಯಬೇಕಾದ ಜಾಗವನ್ನೂ, ಹಣೆಯ ಮೇಲೆ ವಿಭೂತಿ ಅಳಿಸಿಹೋದ ಆ ಖಾಲಿ ಎಡೆಯನ್ನು, ನೋಡಿಕೊಂಡಳು.

“ಬುಡಿ ಅಮ್ಮಾವ್ರೇ,” ಎಂದ ಚಿಕ್ಕಣ್ಣ ಬಾಗಿಲಿನಿಂದಲೇ. “ಅಷ್ಟು ಸುಲಭ್ವಾಗ್ ಬುಟ್ಬುಡ್ತೀರಾ ಇವ್ನ? ಬದುಕ್ಲಿ. ಒಳ್ಗೆ ಕೂತು ದಿನಾ ನೆನ್ಕಳ್ಳಿ.”

ಬೆರಳುಗಳು ಒಂದೊಂದಾಗಿ ಸಡಿಲಿದವು. ಚಿಕ್ಕಣ್ಣ ಸರಿಯಾದ ಮಾತನ್ನೇ ಆಡಿದ್ದ. ಇವನಿಗೆ ಒಂದು ಪೆಟ್ಟು ಸಾಲದು.

“ಇದನ್ನೆಲ್ಲ ಠಾಣೆಯಲ್ಲಿ ಹೇಳುತ್ತೀಯ,” ಎಂದಳು. “ಪಂಚೆಯ ಅಂಚಿನ ವಿಷಯವನ್ನೂ ಬಿಡದೆ. ಹೇಳದಿದ್ದರೆ, ಮಠದ ಜಗಲಿಯ ಮೇಲೆ ನಿಲ್ಲಿಸಿ ನಾನು ಹೇಳಿಸುತ್ತೇನೆ.”

“ಹೇಳ್ತೀನಿ ಅಕ್ಕ. ಒಂದೇ ಒಂದು ಬೇಡ್ಕೊಳ್ತೀನಿ. ಧನೂಗೆ ಏನೂ ಗೊತ್ತಿಲ್ಲ. ಅವಳಿಗೂ ಮೋಸ ಮಾಡ್ದೆ. ಪಾಪ, ಮೂರು ಗಂಟೆ ಹೊತ್ತು ಯಂತ್ರದ ಜೊತೆ ಮಾತಾಡಿದಾಳೆ, ನಾನೇ ಅನ್ಕೊಂಡು. ಅವಳ್ನ ಬೈಬೇಡಿ.”

“ಏನು ಮಾತಾಡಿದ್ದಾಳೆ ಎಂದು ಓದಿ ನೋಡಿದೆಯಾ?”

“ಧೈರ್ಯ ಬರ್ಲಿಲ್ಲ. ಬಂದ ತಕ್ಷಣ ಬಾಟ್ ಅಳಿಸಿ, ಪ್ರಿಂಟ್ ತೆಗೆದು ಇಟ್ಬಿಟ್ಟೆ.”

“ಈಗ ಓದು. ನನ್ನ ಮಗಳನ್ನು ಹೇಗೆ ಬೊಂಬೆಯಾಟ ಆಡಿಸಿದೆ ಎಂದು ಕಣ್ಣಾರೆ ನೋಡು.”

ಚಿಕ್ಕಣ್ಣ ಠಾಣೆಯಿಂದ ತಂದಿದ್ದ ನೆರಳಚ್ಚನ್ನು ಮೇಜಿನ ಮೇಲಿಟ್ಟ. ಆರಾಧ್ಯ ಬೆರಳಿಟ್ಟು ಒಂದೊಂದು ಸಾಲನ್ನೇ ಅನುಸರಿಸಿದ. ಮೊದಲ ಪುಟ ಮುಗಿಯಿತು. ಎರಡನೆಯದರ ನಡುವೆ ಬೆರಳು ನಿಂತಿತು.

ಅವನು ಮತ್ತೆ ಓದಿದ. ಆಮೇಲೆ ತಲೆಯೆತ್ತಿದಾಗ ಅವನ ಕಣ್ಣಿನಲ್ಲಿದ್ದದ್ದು ಭಯವಲ್ಲ, ಬೇರೆ ಏನೋ.

“ಅಕ್ಕ, ಅವತ್ತು ಧನು ಉಪವಾಸ ಇದ್ಲಾ?”

“ಇದೆಂಥ ಪ್ರಶ್ನೆ? ನಮ್ಮ ಮನೆಯಲ್ಲಿ ಯಾರು ಉಣ್ಣುತ್ತಾರೆ ಅಂದು? ಏಳನೆಯ ವಯಸ್ಸಿನಿಂದ ಅವಳು ಒಂದು ವರ್ಷವೂ ಬಿಟ್ಟವಳಲ್ಲ. ಸಂಜೆ ಹೆಣದ ಮುಂದೆ ಬಲವಂತದಿಂದ ನೀರು ಕುಡಿಸಿದವಳು ನಾನೇ.”

ಆರಾಧ್ಯ ಹಾಳೆಯನ್ನು ಅವಳ ಕಡೆ ತಿರುಗಿಸಿದ.

ಒಂದು ಗಂಟೆ ಹತ್ತು ನಿಮಿಷ. ಆರಾಧ್ಯ: ಊಟ ಆಯ್ತಾ?

ಅದರ ಕೆಳಗೆ, ಅದೇ ನಿಮಿಷ. ಧನುಶ್ರೀ: ಆಯ್ತು. ನಿಮ್ದು?

ಚಂದ್ರಮತಿ ಆ ಸಾಲನ್ನು ಮೊದಲ ಬಾರಿಗೆ ಓದಿದಳು. ತನ್ನ ಹಾಳೆಗೆ ಅವಳು ಅದನ್ನು ಇಳಿಸಿಕೊಂಡಿರಲಿಲ್ಲ. ಪರೀಕ್ಷಿಸಬೇಕಾದ ಕೈ ಯಾವುದು ಎಂದು ಮೊದಲೇ ತೀರ್ಮಾನಿಸಿ, ಮಗಳ ಮಾತುಗಳನ್ನೆಲ್ಲ ಶುದ್ಧಪಾಠವೆಂದು ಬಗೆದು ಬಿಟ್ಟುಬಿಟ್ಟಿದ್ದಳು. ಶಿವಮಲ್ಲಪ್ಪನವರ ಶಿಷ್ಯವರ್ಗದಲ್ಲಿ ಒಬ್ಬ ಆರಂಭಿಕನೂ ಮಾಡಬಾರದ ತಪ್ಪು.

ಅವಳು ಮುಂದೆ ಓದಿದಳು. ಧನುಶ್ರೀ: ಹೌದಾ? ಧನುಶ್ರೀ: ಹೂಂ, ಹೇಳಿ. ಧನುಶ್ರೀ: ಹೌದಾ? ಧನುಶ್ರೀ: ಕರೆಂಟ್ ಹೋಗೋ ಹಾಗಿದೆ. ಧನುಶ್ರೀ: ಹೌದಾ? ಮೂರು ಪುಟಗಳ ಉದ್ದಕ್ಕೂ ಎರಡು ಯಂತ್ರಗಳು ಒಂದನ್ನೊಂದು ಕುಶಲ ವಿಚಾರಿಸಿಕೊಂಡಿದ್ದವು. ಸರಸ್ವತಿಪುರಂನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಗೆಳತಿಯ ಮನೆಯ ಕುರ್ಚಿಯಲ್ಲೂ ಯಾರೂ ಇರಲಿಲ್ಲ.

“ನಾನು ಮಾಡಿದ್ದು ಒಂದೇ ಅಕ್ಕ,” ಎಂದ ಆರಾಧ್ಯ ಪಿಸುದನಿಯಲ್ಲಿ. “ಇನ್ನೊಂದು ನಂದಲ್ಲ.”

ಚಂದ್ರಮತಿ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಬರೆದುಕೊಳ್ಳಿ ಚಿಕ್ಕಣ್ಣನವರೇ.”

“ಅಮ್ಮಾವ್ರೇ, ಮಗೀನ ಹೆಸ್ರು ಕಣಮ್ಮ. ನನ್ ಕೈಲಾಗಕಿಲ್ಲ.”

“ಧನುಶ್ರೀ, ಇಪ್ಪತ್ಮೂರು ವರ್ಷ. ಶಿವಮಲ್ಲಪ್ಪನವರ ಮೊಮ್ಮಗಳು. ಬರೆದುಕೊಳ್ಳಿ.”

ಮುದುಕನ ಪೆನ್ಸಿಲು ಕಾಗದದ ಮೇಲೆ ತಡವರಿಸುತ್ತ ಸರಿಯಿತು. ಅವನು ಬರೆದು ಮುಗಿಸುವವರೆಗೂ ಅವಳು ಪಕ್ಕದಲ್ಲಿ ನಿಂತು ನೋಡಿದಳು.

“ಇವನನ್ನೂ ಈ ಹಾಳೆಯನ್ನೂ ಈಗಲೇ ಸಾಹೇಬರಿಗೆ ಒಪ್ಪಿಸಿ. ಅವರು ಮನೆಗೆ ಬರಲು ಒಂದು ಗಂಟೆಯಾದರೂ ಹಿಡಿಯುತ್ತದೆಯಲ್ಲವೇ?”

“ಇಡೀಬೈದು. ಆ ಒಂದ್ ಗಂಟೇಲಿ ನೀವೇನ್ ಮಾಡೀರಿ?”

ಅವಳು ಆಗಲೇ ಹೊಸ್ತಿಲು ದಾಟಿದ್ದಳು. ಮೆಟ್ಟಿಲಿಳಿದು, ಬಸ್ಸಿಗೆ ಕಾಯದೆ, ಎದುರಿಗೆ ಬಂದ ಆಟೋ ನಿಲ್ಲಿಸಿ ಹತ್ತಿದಳು.

ಕೃಷ್ಣಮೂರ್ತಿಪುರಂನ ಮನೆಯ ಬಾಗಿಲನ್ನು ಅವಳು ತಟ್ಟುವ ಮೊದಲೇ ಧನುಶ್ರೀ ತೆರೆದಳು. ತಲೆಗೆ ಎರೆದುಕೊಂಡು ಕೂದಲು ಬಿಚ್ಚಿದ್ದಳು. ಅವಳ ಹಿಂದೆ ಪಡಸಾಲೆಯ ಕಂಬಕ್ಕೆ ಒರಗಿಸಿದ್ದ ಪ್ರಯಾಣದ ಚೀಲದ ಬಾಯಿ ಇನ್ನೂ ಮುಚ್ಚಿರಲಿಲ್ಲ. ಸೀರೆಗಳ ನಡುವೆ ಕೆಂಪು ವಸ್ತ್ರದ ಒಂದು ತುದಿ ಇಣುಕುತ್ತಿತ್ತು.

“ಸಿಂಚನ ಫೋನ್ ಮಾಡಿದ್ಲು ಕಣಮ್ಮ,” ಎಂದಳು ಮಗಳು, ಶಾಂತವಾಗಿ. “ಟೀಚರ್ ಆರಾಧ್ಯ ಅಂತ ಬಾಟ್ ಮಾಡಿಸಿದ್ರು, ಅವರು ನಕ್ಕಿದ್ದು ನೋಡಿ ಭಯ ಆಯ್ತು ಅಂತ ಹೇಳಿದ್ಲು. ಇವತ್ತಲ್ಲ ನಾಳೆ ನೀನು ಕೇಳ್ತೀಯ ಅಂತ ಗೊತ್ತಿತ್ತು. ಎಲ್ಲಾ ಹೇಳ್ತೀನಿ. ತಾತ ಆ ಕಟ್ಟಲ್ಲಿ ಏನ್ ಮುಚ್ಚಿಟ್ಟಿದ್ರು ಅನ್ನೋದನ್ನೂ ಹೇಳ್ತೀನಿ. ಆದ್ರೆ ಕೇಳಿದ ಮೇಲೆ ನೀನು ಪೊಲೀಸ್ ಹತ್ರ ಹೋಗ್ಬಾರ್ದು.”

“ಹೋಗಿಯಾಯಿತು,” ಎಂದಳು ಚಂದ್ರಮತಿ. ಒಳಗೆ ಬಂದು, ಬೆನ್ನ ಹಿಂದೆ ಬಾಗಿಲ ಅಗುಳಿ ಹಾಕಿದಳು.